ಬಾಕಿ ಪಟ್ಟಿಯಿಂದ ಮಾಯವಾದ 7 ಹೆಸರು: ಲಿಂಕ್‌ನಲ್ಲಿ ಲೆಫ್ಟ್ ಔಟರ್ ಜಾಯಿನ್

ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಬಿ.ಕಾಂ ಮುಗಿಸಿದ ಹೊಸತರಲ್ಲಿ ಒಂದು ಟ್ಯೂಷನ್ ಸೆಂಟರ್‌ನ ಫೀಸ್ ಲೆಕ್ಕಕ್ಕೆ ಸಿ ಶಾರ್ಪ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ವಿದ್ಯಾರ್ಥಿಗಳದ್ದೊಂದು ಟೇಬಲ್, ರಸೀದಿಗಳದ್ದೊಂದು ಟೇಬಲ್. ಎರಡನ್ನೂ ಜೋಡಿಸಿ ಬಾಕಿ ಪಟ್ಟಿ ತೆಗೆದೆ. ವಸೂಲಾದ ಹಣ ಪಕ್ಕಾ ಟ್ಯಾಲಿ ಆಯ್ತು. ಖುಷಿಯಾಗಿ ಕೊಟ್ಟುಬಂದೆ. ವಾರದ ನಂತರ ಎಣಿಸಿದ್ರೆ, ಮಕ್ಕಳು 40, ಪಟ್ಟಿಯಲ್ಲಿ 33 ಹೆಸರು. ಉಳಿದ 7 ಜನ ಒಂದು ರೂಪಾಯಿನೂ ಕಟ್ಟಿರಲಿಲ್ಲ. ಅಂದ್ರೆ, ಬಾಕಿ ಪಟ್ಟಿಯಲ್ಲಿ ಮೊದಲು ಇರಬೇಕಾದವರೇ ಮಾಯ!

ಕಾರಣ ಇಷ್ಟೇ. ಲಿಂಕ್ ಅಂದ್ರೆ ಸಿ ಶಾರ್ಪ್ ಭಾಷೆಯೊಳಗೇ ಡೇಟಾ ಕ್ವೆರಿ ಬರೆಯೋ ವ್ಯವಸ್ಥೆ, 2007ರಲ್ಲಿ ಬಂದದ್ದು. ಅದರಲ್ಲಿ ಸುಮ್ಮನೆ ‘ಜಾಯಿನ್’ ಅಂತ ಬರೆದ್ರೆ ಅದು ಇನ್ನರ್ ಜಾಯಿನ್. ಎರಡೂ ಕಡೆ ಹೊಂದಿಕೆಯಾದ ಸಾಲು ಮಾತ್ರ ಉಳಿಯುತ್ತೆ. ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತೆ, ಎರರ್ ಕೂಡ ಬರಲ್ಲ.

ನನಗೆ ಬೇಕಿದ್ದದ್ದು ಲೆಫ್ಟ್ ಔಟರ್ ಜಾಯಿನ್. ಎಡಗಡೆಯ ಎಲ್ಲ ವಿದ್ಯಾರ್ಥಿಗಳೂ ಇರಲಿ, ಬಲಗಡೆ ರಸೀದಿ ಸಿಗದಿದ್ರೆ ಆ ಜಾಗ ಖಾಲಿ ಇರಲಿ. ಕ್ವೆರಿ ಸಿಂಟ್ಯಾಕ್ಸ್‌ನಲ್ಲಿ ಇದನ್ನು ಎರಡು ಹೆಜ್ಜೆಯಲ್ಲಿ ಬರೀತೀವಿ.

ಒಂದು, ಜಾಯಿನ್ ಸಾಲಿನ ಕೊನೆಗೆ ‘ಇನ್‌ಟು’ ಹಾಕಿ ಒಂದು ಹೆಸರು ಕೊಡಿ. ಆಗ ಪ್ರತಿ ವಿದ್ಯಾರ್ಥಿಗೂ ಅವರ ರಸೀದಿಗಳ ಒಂದು ಗುಂಪು ಸಿಗುತ್ತೆ. ಕಟ್ಟದವರದ್ದು ಖಾಲಿ ಗುಂಪು.

ಎರಡು, ಆ ಗುಂಪಿನ ಮೇಲೆ ಇನ್ನೊಂದು ‘ಫ್ರಮ್’ ಬರೆದು ‘ಡಿಫಾಲ್ಟ್‌ಇಫ್‌ಎಂಪ್ಟಿ’ ಸೇರಿಸಿ. ಖಾಲಿ ಗುಂಪಿನಲ್ಲಿ ಅದು ಒಂದು ‘ನಲ್’ ಇಡುತ್ತೆ. ವಿದ್ಯಾರ್ಥಿಯ ಹೆಸರು ಉಳಿಯುತ್ತೆ.

ಇಲ್ಲಿ ಎರಡು ಗುಂಡಿಗಳಿವೆ. ಮೆಮೊರಿಯಲ್ಲಿರೋ ಲಿಸ್ಟ್ ಆದ್ರೆ, ನಲ್ ರಸೀದಿಯ ಮೊತ್ತ ಓದಲು ಹೋದ ತಕ್ಷಣ ಪ್ರೋಗ್ರಾಂ ನಿಲ್ಲುತ್ತೆ. ಮೊದಲು ನಲ್ ಇದೆಯಾ ನೋಡಿ, ಇದ್ರೆ 0 ಅಂತ ತಗೊಳ್ಳಿ. ಇನ್ನೊಂದು, ಜೋಡಿಸಿದ ಮೇಲೆ ‘ವೇರ್’ ಹಾಕಿ ಜೂನ್ ತಿಂಗಳ ರಸೀದಿ ಮಾತ್ರ ಅಂದ್ರೆ, ನಲ್ ಸಾಲುಗಳೆಲ್ಲ ಮತ್ತೆ ಹೊರಗೆ. ಆ ಸೋಸುವಿಕೆಯನ್ನು ಜೋಡಿಸೋ ಮುಂಚೆಯೇ ರಸೀದಿಗಳ ಮೇಲೆ ಮಾಡಿ.

2025ರ ಡಾಟ್‌ನೆಟ್ 10ರಲ್ಲಿ ‘ಲೆಫ್ಟ್‌ಜಾಯಿನ್’ ಅನ್ನೋ ಮೆಥಡ್ಡೇ ಬಂದಿದೆ, ಒಂದೇ ಕರೆಯಲ್ಲಿ ಕೆಲಸ ಮುಗಿಯುತ್ತೆ. ಹಳೆಯ ಕೋಡ್ ಓದಲು ಮಾತ್ರ ‘ಇನ್‌ಟು’ ಗೊತ್ತಿರಲೇಬೇಕು.

ಆ 7 ಜನರಲ್ಲಿ ಒಬ್ಬ ಹುಡುಗ, ಫೀಸ್ ಕಟ್ಟಲಾಗದೆ ಕ್ಲಾಸಿಗೆ ಬರೋದನ್ನೇ ಬಿಟ್ಟಿದ್ದ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಯಾರೂ ಫೋನ್ ಮಾಡಿರಲಿಲ್ಲ. ಸರಿಪಡಿಸಿದ ಪಟ್ಟಿ ನೋಡಿದ ಮೇಲೆ ಅವನಿಗೆ ಕಂತಿನಲ್ಲಿ ಕಟ್ಟೋಕೆ ಅವಕಾಶ ಕೊಟ್ರು.

ಅದಕ್ಕೇ ಹೇಳ್ತೀನಿ, ಮೊತ್ತ ಟ್ಯಾಲಿ ಆಯ್ತು ಅಂತ ಎದ್ದುಬಿಡಬೇಡಿ. ಹೆಸರುಗಳನ್ನೂ ಎಣಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.