ಪುಕ್ಕಟೆ ಬಂದ ಹಾಡಿನ ತಟ್ಟೆ

ದುಡ್ಡು ಕೊಟ್ಟು ತಂದ ವಸ್ತುವನ್ನು ಜೋಪಾನ ಮಾಡುವುದು, ಪುಕ್ಕಟೆ ಬಂದದ್ದನ್ನು ಕಡೆಗಣಿಸುವುದು ಲೋಕದ ರೂಢಿ. ಹಳೆಯ ಧ್ವನಿಮುದ್ರಿಕೆಗಳ ಸಂಗ್ರಹದಲ್ಲಿ ಈ ರೂಢಿ ಒಂದು ವಿಚಿತ್ರ ಫಲವನ್ನು ಕೊಟ್ಟಿದೆ. ಅಂಗಡಿಯಲ್ಲಿ ಮಾರಲೆಂದು ಅಚ್ಚಾದ ರೆಕಾರ್ಡುಗಳು ಇಂದಿಗೂ ಅಲ್ಲಲ್ಲಿ ದೊರೆಯುತ್ತವೆ; ಪ್ರಚಾರಕ್ಕೆಂದು ಅಚ್ಚಾದವು ದುರ್ಲಭವಾಗಿವೆ.

ಪ್ರಚಾರದ ರೆಕಾರ್ಡುಗಳಲ್ಲಿ ಎರಡು ಬಗೆ. ರೆಕಾರ್ಡು ಕಂಪನಿಯೇ ತನ್ನ ಹೊಸ ಹಾಡುಗಳನ್ನು ಬಾನುಲಿ ಕೇಂದ್ರಗಳಿಗೂ ಪತ್ರಿಕೆಗಳಿಗೂ ಕಳಿಸುವುದು ಒಂದು ಬಗೆ. ಇವುಗಳ ಮೇಲೆ ‘ಮಾರಾಟಕ್ಕಲ್ಲ’ ಎಂಬ ಮುದ್ರೆ ಸಾಮಾನ್ಯ. ಬೇರೆ ವ್ಯಾಪಾರದ ಸಂಸ್ಥೆಯೊಂದು ತನ್ನ ಸರಕಿನ ಹೆಸರು ಜನರ ಕಿವಿಗೆ ಬೀಳಲೆಂದು ಸಂಗೀತಕ್ಕೆ ಹಣ ಹೂಡುವುದು ಇನ್ನೊಂದು. ಹಲವು ತಂಡಗಳ ಹಾಡುಗಳನ್ನು ಒಂದೇ ತಟ್ಟೆಯಲ್ಲಿ ಕೂಡಿಸಿದರೆ ಅದು ಸಂಕಲನವಾಗುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ 1970 ಮತ್ತು 1971ರ ‘ಸಿಮ್ಲಾ ಬೀಟ್’ ಎಂಬ ಎರಡು ರೆಕಾರ್ಡುಗಳು. ಸಿಮ್ಲಾ ಎಂಬುದು ಸಿಗರೇಟಿನ ಹೆಸರು. ಅದನ್ನು ತಯಾರಿಸುತ್ತಿದ್ದ ಇಂಪೀರಿಯಲ್ ಟೊಬ್ಯಾಕೊ ಕಂಪನಿ 1970ರಲ್ಲಿ ಇಂಡಿಯಾ ಟೊಬ್ಯಾಕೊ ಎಂದು ಹೆಸರು ಬದಲಿಸಿಕೊಂಡಿತು. ಗಿಟಾರು, ಡ್ರಮ್ಮು ಹಿಡಿದು ಪಾಶ್ಚಾತ್ಯ ರಾಕ್ ಸಂಗೀತವನ್ನು ನುಡಿಸುತ್ತಿದ್ದ ತರುಣರ ತಂಡಗಳಿಗೆ ಈ ಸಿಗರೇಟಿನ ಹೆಸರಿನಲ್ಲಿ ಸ್ಪರ್ಧೆ ನಡೆಯಿತು. ಆ ತಂಡಗಳ ಹಾಡುಗಳು ರೆಕಾರ್ಡಾದವು. ಸಿನಿಮಾ ಹಾಡುಗಳೇ ಮಾರುಕಟ್ಟೆಯನ್ನು ಆಳುತ್ತಿದ್ದ ಆ ಕಾಲದಲ್ಲಿ ಇಂಥ ತಂಡಗಳಿಗೆ ಧ್ವನಿಮುದ್ರಣದ ಅವಕಾಶ ಬಹಳ ವಿರಳವಾಗಿತ್ತು. ಸಂಗೀತವನ್ನು ಉಳಿಸಬೇಕೆಂಬುದು ಸಿಗರೇಟಿನವರ ಉದ್ದೇಶವಾಗಿರಲಿಲ್ಲ. ಆದರೂ ಒಂದು ಪೀಳಿಗೆಯ ದನಿ ಉಳಿದದ್ದು ಅವರ ಜಾಹೀರಾತಿನ ನೆರಳಿನಲ್ಲಿ. ತಂಬಾಕಿನ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ 2003ರ ಕಾಯಿದೆ ನಿಷೇಧಿಸಿದೆ. ಆದ್ದರಿಂದ ಅಂಥ ರೆಕಾರ್ಡು ಇನ್ನೊಮ್ಮೆ ಹುಟ್ಟುವಂತಿಲ್ಲ. ಹಾಡುಗಳೇನೋ ದಶಕಗಳ ಬಳಿಕ ಮರುಮುದ್ರಣಗೊಂಡವು. ಮೂಲಪ್ರತಿಗಳನ್ನು ಸಂಗ್ರಾಹಕರು ದೇಶವಿದೇಶಗಳಲ್ಲಿ ಹುಡುಕುತ್ತಲೇ ಇದ್ದಾರೆ.

ಹಾಡು ಮರಳಿ ದೊರೆತ ಮೇಲೆ ಮೂಲಪ್ರತಿ ಯಾಕೆ ಬೇಕು? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ದಾಂಡೇಲಿಯಲ್ಲಿ. ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾದ ಬಳಿಕ ಈ ಊರಿಗೆ ನಾನಾ ಪ್ರಾಂತಗಳ ಜನ ಬಂದು ನೆಲಸಿದರು. ಅವರ ಪೆಟ್ಟಿಗೆಗಳಲ್ಲಿ ನಾನಾ ಭಾಷೆಯ ಹಾಡುಗಳೂ ಬಂದವು. ಹೀಗೆ ಬಂದ ಹಿರಿಯರೊಬ್ಬರ ಮನೆಯಲ್ಲಿ ಪ್ರಚಾರದ ಸಂಕಲನವೊಂದಿದೆ ಎಂದು ಕೇಳಿ ಹೋಗಿದ್ದೆ. ಮುಂಬಯಿಯಲ್ಲಿ ಓದುತ್ತಿದ್ದಾಗ ಗೆಳೆಯನೊಬ್ಬ ಸುಮ್ಮನೆ ಕೊಟ್ಟದ್ದಂತೆ. ತಟ್ಟೆಯನ್ನು ಬರಿಗೈಯಲ್ಲಿ ಹಿಡಿದು ತಂದರು. ಹೊದಿಕೆ ಎಲ್ಲಿ ಎಂದೆ. “ರಟ್ಟಿಗೆ ಬೂಷ್ಟು ಹಿಡಿದಿತ್ತರಿ ಸರ, ರದ್ದಿಗೆ ಹಾಕಿದ್ವಿ. ಪ್ಲೇಟಿಗೆ ಏನೂ ಆಗಿಲ್ಲ ನೋಡ್ರಿ” ಎಂದರು. ನಿಜ, ಹಾಡು ಸ್ವಚ್ಛವಾಗಿಯೇ ಕೇಳಿಸಿತು. ಆದರೆ ನಡುವಿನ ಚೀಟಿಯೂ ತೇವಕ್ಕೆ ಅಳಿಸಿಹೋಗಿತ್ತು. ಹಾಡಿದವರು ಯಾರು, ಯಾವ ಊರಿನವರು, ಹಣ ಹಾಕಿದವರು ಯಾರು ಎಂದು ಹೇಳಬಲ್ಲ ಒಂದಕ್ಷರವೂ ಉಳಿದಿರಲಿಲ್ಲ. ಕಾಗದವನ್ನು ತಯಾರಿಸುವ ಊರಿನಲ್ಲಿಯೇ ಒಂದು ತುಂಡು ಕಾಗದ ಇಲ್ಲದೆ ಆ ತರುಣರು ಅನಾಮಧೇಯರಾಗಿದ್ದರು.

ಚೀಟಿಯ ಬೆಲೆಯನ್ನು ನಮ್ಮ ಸೀಮೆಯ ಇನ್ನೊಂದು ನಿದರ್ಶನದಿಂದ ಅರಿಯಬಹುದು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳ ಮೇಲಿದ್ದುದು ‘ಗಾಂಧಾರಿ’ ಎಂಬ ಹೆಸರು. ಕಂಠವನ್ನು ಕೇಳಿದ ಮಾತ್ರಕ್ಕೆ ಈ ಸಂಗತಿ ತಿಳಿಯದು. ಅದನ್ನು ಹೇಳುವುದು ಕಾಗದ.

ಆದ್ದರಿಂದ ಸಂಗ್ರಹಿಸುವವರು ತಟ್ಟೆ, ಚೀಟಿ, ಹೊದಿಕೆ ಮೂರನ್ನೂ ಒಂದೇ ವಸ್ತುವೆಂದು ತಿಳಿಯಬೇಕು. ಕೊನೆಯ ಗೆರೆಗೂ ಚೀಟಿಗೂ ನಡುವಿನ ನುಣುಪು ಜಾಗದಲ್ಲಿ ಕೊರೆದ ಅಂಕಿಗಳಿರುತ್ತವೆ. ಮೂಲವನ್ನೂ ಮರುಮುದ್ರಣವನ್ನೂ ಬೇರ್ಪಡಿಸಲು ಅವು ನೆರವಾಗುತ್ತವೆ. ವಿನೈಲ್ ತಟ್ಟೆ ಬಿಸಿಲಿಗೆ ಡೊಂಕಾಗುತ್ತದೆ; ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಅದಕ್ಕೂ ಹಿಂದಿನ 78 ಸುತ್ತಿನ ತಟ್ಟೆಗಳು ಅರಗಿನವು. ಅವನ್ನು ಸ್ಪಿರಿಟಿನಿಂದ ಒರಸಿದರೆ ಅರಗೇ ಕರಗುತ್ತದೆ. ಹಳಿಯಾಳ, ಮುಂಡಗೋಡಗಳ ಹವೆ ಅಷ್ಟಿಷ್ಟು ಒಣಗಿದ್ದು. ಜೋಯಿಡಾದ ಕಾಡಿನ ಮಳೆಯಲ್ಲಾದರೋ ರಟ್ಟು ತಿಂಗಳೊಪ್ಪತ್ತಿನಲ್ಲಿ ಬೂಷ್ಟು ಹಿಡಿಯುತ್ತದೆ. ತೇವವಿದ್ದಾಗಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಹಾನಿ ಇಮ್ಮಡಿ. ಗಾಳಿಯಾಡುವ ಕಪಾಟು, ಗೋಡೆಯಿಂದ ನಾಲ್ಕು ಬೆರಳಿನ ಅಂತರ, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಒಮ್ಮೆ ಆರಿಸುವುದು, ಇಷ್ಟು ಸಾಕು.

ಇನ್ನೊಂದು ಮಾತು. ಇದೇ ಹಳಿಯಾಳ, ಮುಂಡಗೋಡಗಳ ಸಿದ್ದಿ ಜನರ ದಮಾಮಿ ವಾದ್ಯಕ್ಕೆ ಯಾವ ಸಿಗರೇಟಿನವರೂ ಸ್ಪರ್ಧೆ ಏರ್ಪಡಿಸಲಿಲ್ಲ. ಯಾವ ದನಿ ತಟ್ಟೆಗೆ ಏರಬೇಕು, ಯಾವುದು ಗಾಳಿಯಲ್ಲಿ ಲೀನವಾಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಹಣ ಹೂಡುವವರ ಲಾಭ. ಪ್ರಚಾರದ ರೆಕಾರ್ಡು ಈ ಸತ್ಯವನ್ನು ಮರೆಮಾಚದೆ ಹೊದಿಕೆಯ ಮೇಲೆಯೇ ಅಚ್ಚುಹಾಕಿಕೊಂಡು ಬರುತ್ತದೆ. ಅದನ್ನು ಕಾಯುವುದು ಬರಿಯ ಹವ್ಯಾಸವಲ್ಲ. ನಮ್ಮ ಕಾಲ ಏನನ್ನು ಕೇಳಿಸಿಕೊಂಡಿತು, ಏನನ್ನು ಕೇಳಿಸಿಕೊಳ್ಳಲಿಲ್ಲ ಎಂಬುದರ ಸಾಕ್ಷ್ಯವನ್ನು ಕಾಯುವುದು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ತಟ್ಟೆಯಿದ್ದರೆ, ರದ್ದಿಯವನು ಬಾಗಿಲಿಗೆ ಬರುವ ಮುನ್ನ ಅದರ ರಟ್ಟನ್ನೊಮ್ಮೆ ಓದಿ ನೋಡಿರಿ.