ಇಂಡಾಫ್ ರಾಗಿ ಹುಟ್ಟಿದ ಬಗೆ

ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿದ್ದೀರಾ? ದೂರದಿಂದ ಪೈರೆಲ್ಲ ಒಂದೇ ರೀತಿ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ. ಒಂದು ತೆನೆಯಲ್ಲಿ ಬೆರಳಿನಂಥ ಇಲುಕುಗಳು ಐದು, ಇನ್ನೊಂದರಲ್ಲಿ ಎಂಟು.

ಹಿಂದೆ ಸುಗ್ಗಿ ಬಂದಾಗ ಮನೆಯ ಹಿರಿಯರು ಹೊಲ ಸುತ್ತಿ, ಒಳ್ಳೆಯ ತೆನೆಗಳನ್ನಷ್ಟೇ ಆರಿಸಿ ಬಿತ್ತನೆಗೆಂದು ಬೇರೆಯಾಗಿ ತೆಗೆದಿಡುತ್ತಿದ್ದರು. ಉಳಿದದ್ದು ಮುದ್ದೆಗೆ! ತಾಯಿ ಗಿಡದ ಗುಣ ಮರಿ ಗಿಡಕ್ಕೆ ಬರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇಂಥ ಆಯ್ಕೆ ಸಾವಿರಾರು ವರ್ಷಗಳಿಂದ ನಡೆದಿದೆ. ರಾಗಿಯ ತವರು ಪೂರ್ವ ಆಫ್ರಿಕಾ. ಅಲ್ಲಿನ ಕಾಡು ರಾಗಿಯಲ್ಲಿ ಕಾಳು ಬಲಿತ ಕೂಡಲೇ ನೆಲಕ್ಕೆ ಉದುರುತ್ತದೆ. ಬೀಜ ಹರಡಲು ಗಿಡಕ್ಕೆ ಅದೇ ಒಳ್ಳೆಯದು. ಕೊಯ್ಯುವವರಿಗೆ ಮಾತ್ರ ನಷ್ಟ. ಜನರ ಕೈಗೆ ಸಿಕ್ಕಿದ್ದು ಉದುರದೆ ಉಳಿದ ತೆನೆಗಳು. ಅವರು ಮತ್ತೆ ಬಿತ್ತಿದ್ದೂ ಅವನ್ನೇ. ಹೀಗೇ ಮುಂದುವರಿದು ಕಾಳನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಾಗಿ ಬಂತು. ಇಂದು ಅದರ ಕಾಳು ಉದುರಿಸಲು ಕಣದಲ್ಲಿ ರೋಣಗಲ್ಲು ಉರುಳಿಸಬೇಕು.

ಮೈಸೂರು ಸಂಸ್ಥಾನದಲ್ಲಿ ಇದೇ ಆಯ್ಕೆಯನ್ನು ವಿಜ್ಞಾನಿಗಳು ಕ್ರಮವಾಗಿ ಮಾಡಿದರು. 1918ರಲ್ಲಿ ಎಚ್-22 ಎಂಬ ತಳಿ ರೈತರಿಗೆ ಸಿಕ್ಕಿತು. ಆದರೆ ಆಯ್ಕೆಗೂ ಒಂದು ಮಿತಿ ಇದೆ. ಹೊಲದಲ್ಲಿ ಇಲ್ಲದ ಗುಣವನ್ನು ಆರಿಸುವುದು ಹೇಗೆ? ಬೇರೆ ಬೇರೆ ಗಿಡಗಳ ಗುಣಗಳನ್ನು ಒಂದೇ ಗಿಡಕ್ಕೆ ತರಬೇಕು. ಅದಕ್ಕೆ ಸಂಕರಣ ಎನ್ನುತ್ತಾರೆ.

ರಾಗಿಯಲ್ಲಿ ಈ ಕೆಲಸ ತುಂಬಾ ಕಷ್ಟ. ಹೂವು ಬಹಳ ಚಿಕ್ಕದು, ಬೆಳಗಿನ ಜಾವದ ಕತ್ತಲಲ್ಲೇ ಅರಳುತ್ತದೆ. ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ಹೂ ಅರಳುವ ಮೊದಲೇ ಎರಡು ಗಿಡಗಳ ತೆನೆಗಳನ್ನು ಒತ್ತಾಗಿ ಕಟ್ಟಿಬಿಡುವುದು! ಒಂದರ ಪರಾಗ ಇನ್ನೊಂದಕ್ಕೆ ತಾಗಿ ಎಲ್ಲೋ ಕೆಲವು ಕಾಳು ಸಂಕರವಾಗುತ್ತವೆ. ಅವನ್ನು ಗುರುತಿಸುವುದು ಹೇಗೆ? ತಾಯಿ ಗಿಡ ಹಸಿರು, ತಂದೆ ಗಿಡ ನೇರಳೆ ಛಾಯೆಯದು ಇರಬೇಕು. ತಾಯಿ ಗಿಡದ ಕಾಳು ಬಿತ್ತಿದಾಗ ನೇರಳೆ ಛಾಯೆ ಕಂಡ ಸಸಿಯೇ ಸಂಕರ.

ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಬಾಳಿನ ಬಹುಭಾಗವನ್ನು ರಾಗಿ ತಳಿಗಳಿಗೇ ಕೊಟ್ಟರು. 1951ರಿಂದ 1964ರ ನಡುವೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಬಂದವು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಆಫ್ರಿಕಾದ ರಾಗಿಗೆ ಗಟ್ಟಿ ದಂಟು, ದೊಡ್ಡ ತೆನೆ. ನಮ್ಮ ರಾಗಿ ಇಲ್ಲಿನ ಮಳೆಗೂ ಮಣ್ಣಿಗೂ ಹೊಂದಿಕೊಂಡದ್ದು. ಎರಡನ್ನೂ ಕೂಡಿಸಿದರು. ಸಂಕರದ ಎರಡನೆಯ ಪೀಳಿಗೆಯಲ್ಲಿ ಗುಣಗಳು ನಾನಾ ರೀತಿ ಬೆರೆತು ಬರುತ್ತವೆ. ಒಂದು ಗಿಡದಂತೆ ಇನ್ನೊಂದಿಲ್ಲ. ಅದರಲ್ಲಿ ಒಳ್ಳೆಯದನ್ನು ಆರಿಸಿ ಬಿತ್ತಬೇಕು, ಮತ್ತೆ ಆರಿಸಬೇಕು. ಗುಣ ನೆಲೆಗೊಳ್ಳಲು ಹಲವು ಪೀಳಿಗೆಗಳೇ ಬೇಕು. ಹೀಗೆ ಬಂದ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿಸಿ 'ಇಂಡಾಫ್' ಎಂದು ಹೆಸರಿಟ್ಟರು. ಇಳುವರಿ ಹೆಚ್ಚಿತು. ಸಾವಿರಾರು ವರ್ಷ ದೂರವಿದ್ದ ನೆಂಟರು ಮಂಡ್ಯದಲ್ಲಿ ಒಂದಾದರು ಎನ್ನಬಹುದು!

ರಾಗಿಗೆ ಬೆಂಕಿ ರೋಗ ಎಂಬ ಶತ್ರುವಿದೆ. ಅದು ಶಿಲೀಂಧ್ರದಿಂದ ಬರುತ್ತದೆ. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಜೊಳ್ಳಾಗುತ್ತದೆ. ರೈತನ ವರ್ಷದ ದುಡಿಮೆಯೇ ಹೋದಂತೆ. ಇಂಡಾಫ್-5, ಇಂಡಾಫ್-9 ತಳಿಗಳ ಜೊತೆಗೆ ಇನ್ನೊಂದು ರಾಗಿಯನ್ನು ಕೂಡಿಸಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಈ ರೋಗವನ್ನು ತಡೆಯುವ ಜಿಪಿಯು-28 ತಳಿಯನ್ನು ಪಡೆದರು.

ಆದರೆ ಹೊಸ ತಳಿ ಬಂದಂತೆ ಹೊಲಗಳಿಂದ ಹಳೆಯವು ಮರೆಯಾದವು. ಕರಿಗಿಡ್ಡ, ರುದ್ರಜಡೆ ಎಂಬ ರಾಗಿಗಳ ಹೆಸರು ಕೇಳಿದ್ದೀರಾ? ನಾಳೆ ಹೊಸ ರೋಗ ಬಂದರೆ ಅದನ್ನು ತಡೆಯುವ ಗುಣ ಇಂಥ ಯಾವುದೋ ಹಳೆಯ ರಾಗಿಯಲ್ಲಿ ಇರಬಹುದು. ಅದಕ್ಕಾಗಿಯೇ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ತಂಪು ಕೋಣೆಗಳಲ್ಲಿ ಸಾವಿರಾರು ಬಗೆಯ ರಾಗಿ ಬೀಜಗಳನ್ನು ಕಾಪಾಡಲಾಗಿದೆ.

ನಿಮ್ಮ ಅಜ್ಜಿ ತಾತಂದಿರು ಬೆಳೆಯುತ್ತಿದ್ದ ರಾಗಿಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಯಾರ ಮನೆಯಲ್ಲಾದರೂ ಆ ಬೀಜ ಇನ್ನೂ ಇದ್ದರೆ ಶಾಲೆಯ ಕೈತೋಟದಲ್ಲಿ ಈಗಿನ ತಳಿಯ ಪಕ್ಕದಲ್ಲೇ ಒಂದು ಸಾಲು ಹಾಕಿ, ಎರಡರ ಇಲುಕುಗಳನ್ನೂ ಎಣಿಸಿ ನೋಡಿ.