ಏಪ್ರಿಲ್ ಬಿಸಿಲಲ್ಲಿ ಓವರ್‌ಕ್ಲಾಕಿಂಗ್

ಮಾಗಿಯ ಚಳಿಯಲ್ಲಿ ರಾತ್ರಿಯೆಲ್ಲ ಓಡಿದರೂ ತಂಟೆ ಮಾಡದ ಕಂಪ್ಯೂಟರು, ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಓವರ್‌ಕ್ಲಾಕ್ ಮಾಡಿಕೊಂಡವರು, ಎಂದರೆ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿಗೆ ಓಡಿಸುವವರು, ಆಗ ರ‍್ಯಾಮ್ ಮೇಲೆ ಅನುಮಾನಪಡುತ್ತಾರೆ, ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾರೆ, ಎಸ್‌ಎಂಪಿಎಸ್ ಬದಲಾಯಿಸುತ್ತಾರೆ. ಅಷ್ಟರಲ್ಲಿ ಬದಲಾಗಿರುವುದು ಕೋಣೆಯ ಗಾಳಿ ಮಾತ್ರ. ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿರುವ ಗಾಳಿ, ಏಪ್ರಿಲ್ ಮಧ್ಯಾಹ್ನ 35 ದಾಟುತ್ತದೆ. ಶೀಟು ಹೊದಿಸಿದ ಕೋಣೆಯಾದರೆ ಇನ್ನೂ ಹೆಚ್ಚು. ಪ್ರೊಸೆಸರಿನ ಮಟ್ಟಿಗೆ ಈ 20 ಡಿಗ್ರಿಯೇ ನಿರ್ಣಾಯಕ. ಚಳಿ ಊರುಗಳಲ್ಲಿ ಕುಳಿತು ಬರೆದ ಸಲಹೆಗಳನ್ನು ನಮ್ಮ ಬಯಲುಸೀಮೆಗೆ ಹಾಗೇ ತಂದುಕೊಂಡರೆ ಏಟು ಬೀಳುವುದು ಇಲ್ಲಿಯೇ.

ಬಿಸಿ ಹುಟ್ಟುವ ಲೆಕ್ಕ

4.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 450 ಕೋಟಿ ಮಿಡಿತ. ಪ್ರತಿ ಮಿಡಿತಕ್ಕೂ ಚಿಪ್ಪಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳಲ್ಲಿ ಒಂದಷ್ಟು ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಅಣುಮಾತ್ರದ ವಿದ್ಯುತ್ ತುಂಬಿ ಖಾಲಿಯಾಗುತ್ತದೆ. ಹಾಗೆ ಖರ್ಚಾದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. 100 ವ್ಯಾಟ್ ಕುಡಿಯುವ ಪ್ರೊಸೆಸರು ಆ ಕೋಣೆಯಲ್ಲಿ 100 ವ್ಯಾಟಿನ ಹೀಟರೂ ಹೌದು.

ವೇಗ ಹೆಚ್ಚಿಸಿದಷ್ಟೂ ಬಿಸಿ ಅದೇ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜು ಹಾಗಲ್ಲ, ಅದು ವರ್ಗದ ಲೆಕ್ಕದಲ್ಲಿ ಏರಿಸುತ್ತದೆ. 4.5 ಗಿಗಾಹರ್ಟ್ಸಿನಲ್ಲಿ 1.20 ವೋಲ್ಟಿಗೆ ಓಡುತ್ತಿದ್ದ ಚಿಪ್ಪನ್ನು 4.9ಕ್ಕೆ ಏರಿಸಿ, ಅದು ನಿಲ್ಲಲೆಂದು 1.35 ವೋಲ್ಟ್ ಕೊಟ್ಟಿರಿ ಎನ್ನೋಣ. ವೇಗ ಹೆಚ್ಚಿದ್ದು ಶೇ. 9. ಬಿಸಿ ಹೆಚ್ಚಿದ್ದು ಶೇ. 38. ಇದರ ಮೇಲೆ ಸೋರಿಕೆಯೂ ಉಂಟು. ಟ್ರಾನ್ಸಿಸ್ಟರು ಮುಚ್ಚಿದ್ದಾಗಲೂ ಒಂದಿಷ್ಟು ವಿದ್ಯುತ್ ಜಿನುಗುತ್ತಿರುತ್ತದೆ, ಚಿಪ್ಪು ಬಿಸಿಯಾದಷ್ಟೂ ಆ ಸೋರಿಕೆ ಹೆಚ್ಚುತ್ತದೆ. ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ.

ಇಷ್ಟೆಲ್ಲ ಆಗುವುದು ಉಗುರಗಲದ ಜಾಗದಲ್ಲಿ. ಇಂಟೆಲ್ ಕೋರ್ ಐ9-13900ಕೆ ಚಿಪ್ಪಿನ ವಿಸ್ತೀರ್ಣ ಸುಮಾರು 257 ಚದರ ಮಿಲಿಮೀಟರ್. ಕಂಪನಿಯೇ ಹೇಳುವ ಅದರ ಗರಿಷ್ಠ ಬಳಕೆ 253 ವ್ಯಾಟ್. ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 100 ವ್ಯಾಟ್ ಆಯಿತು. ಅಡುಗೆಮನೆಯ 2000 ವ್ಯಾಟಿನ ಇಂಡಕ್ಷನ್ ಒಲೆಯ ಮೇಲೆ 20 ಸೆಂಟಿಮೀಟರ್ ಅಗಲದ ಪಾತ್ರೆ ಇಟ್ಟರೆ, ಅದರ ತಳಕ್ಕೆ ಚದರ ಸೆಂಟಿಮೀಟರಿಗೆ ಸಿಗುವುದು 6 ವ್ಯಾಟ್ ಚಿಲ್ಲರೆ ಮಾತ್ರ.

ಮೊದಲು ಹೀಗಿರಲಿಲ್ಲ. 1998ರ ಸೆಲೆರಾನ್ 300ಎ ಚಿಪ್ಪನ್ನು ಬಸ್ಸಿನ (ಚಿಪ್ಪಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯ) ವೇಗ 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದ ಮಾತ್ರಕ್ಕೆ 450ರಲ್ಲಿ ಓಡಿಸಿದವರು ಬಹಳ ಮಂದಿ. ಹೆಚ್ಚಿನ ಖರ್ಚಿಲ್ಲದೆ ಒಂದೂವರೆ ಪಟ್ಟು ವೇಗ. ಆಗ ಕಂಪನಿಗಳು ಚಿಪ್ಪಿನ ಶಕ್ತಿಯಲ್ಲಿ ಒಂದಷ್ಟನ್ನು ಮುಟ್ಟದೆ ಬಿಟ್ಟಿರುತ್ತಿದ್ದವು. ಈಗಿನ ಪ್ರೊಸೆಸರುಗಳು ಬಿಸಿಗೆ ಆಸ್ಪದವಿರುವ ತನಕ ತಾವಾಗಿಯೇ ವೇಗ ಏರಿಸಿಕೊಳ್ಳುತ್ತವೆ. ನಮ್ಮ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಐದೋ ಹತ್ತೋ ಶೇಕಡಾ. ಆದ್ದರಿಂದ ಈ ಕಾಲದಲ್ಲಿ ಓವರ್‌ಕ್ಲಾಕಿಂಗ್ ಎಂದರೆ ಮುಖ್ಯವಾಗಿ ಬಿಸಿ ಇಳಿಸುವ ಕೆಲಸವೇ.

ಚಿನ್ನದ ಗಣಿ ಹೇಳುವುದು

ಬಿಸಿಯನ್ನು ಇಲ್ಲವಾಗಿಸಲು ಯಾವ ಕೂಲರಿಗೂ ಆಗುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಅಷ್ಟೇ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಪಾಠವಿದೆ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನ ಬಂಡೆಯ ಬಿಸಿ 60 ಡಿಗ್ರಿ ಮೀರಿದ್ದು. ಮೇಲಿನಿಂದ ಬರೀ ಗಾಳಿ ಊದಿದರೆ ಸಾಲದು, ಏಕೆಂದರೆ ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ 10 ಡಿಗ್ರಿಯಷ್ಟು ತಾನೇ ಬಿಸಿಯಾಗುತ್ತದೆ. ಅದಕ್ಕಾಗಿ ನೆಲದ ಮೇಲೆಯೇ ಯಂತ್ರಗಳಿಂದ ಗಾಳಿಯನ್ನು ತಣಿಸಿ, ತೇವ ತೆಗೆದು, ಶಾಫ್ಟಿನೊಳಗೆ ಕಳಿಸುತ್ತಿದ್ದರು. ಅಷ್ಟು ಆಳದಲ್ಲಿ ದುಡಿದವರು ಬದುಕಿ ಮೇಲೆ ಬಂದದ್ದು ಎಷ್ಟು ಗಾಳಿ ಒಳಹೋಗುತ್ತದೆ, ಎಷ್ಟು ತಣ್ಣಗೆ ಹೋಗುತ್ತದೆ, ಎಲ್ಲಿಂದ ಹೊರಬರುತ್ತದೆ ಎಂಬ ಲೆಕ್ಕ ತಪ್ಪದಿದ್ದುದರಿಂದ. ಕ್ಯಾಬಿನೆಟ್ಟಿನ ಮುಂದೆ ಕುಳಿತವರು ಕೇಳಿಕೊಳ್ಳಬೇಕಾದದ್ದೂ ಈ ಮೂರು ಪ್ರಶ್ನೆಗಳನ್ನೇ.

ತಾಮ್ರದಿಂದ ಗಾಳಿಗೆ

ಚಿಪ್ಪಿನ ಬಿಸಿ ಮೊದಲು ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಥರ್ಮಲ್ ಪೇಸ್ಟ್ ದಾಟಿ ಕೂಲರಿನ ತಳಕ್ಕೆ, ತಳದಿಂದ ಹೀಟ್ ಪೈಪುಗಳ ಮೂಲಕ ಅಲ್ಯೂಮಿನಿಯಂ ರೆಕ್ಕೆಗಳಿಗೆ, ಕೊನೆಗೆ ಗಾಳಿಗೆ ಹೋಗುತ್ತದೆ. ಮುಚ್ಚಳವೂ ಒಳ್ಳೆಯ ಕೂಲರಿನ ತಳವೂ ತಾಮ್ರದವು. ಚರಿತ್ರೆ ಓದಿದವರಿಗೆ ವಕ್ಕಲೇರಿ ಪರಿಚಯವಾಗಿರುವುದು ತಾಮ್ರದಿಂದಲೇ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನ ಸಿಕ್ಕಿದ್ದು ಇಲ್ಲಿ. ಶಾಸನಕ್ಕೆ ತಾಮ್ರ ಬೇಕಾದದ್ದು ಅದು ಬಹುಕಾಲ ಬಾಳುತ್ತದೆಂದು. ನಮಗೆ ಬೇಕಾಗಿರುವುದು ಅದು ಬಿಸಿ ಹಾಯಿಸುವ ವೇಗಕ್ಕೆ. ಈ ಗುಣದಲ್ಲಿ ಅಲ್ಯೂಮಿನಿಯಮ್ಮಿಗಿಂತ ತಾಮ್ರ ಒಂದೂವರೆ ಪಟ್ಟಿಗೂ ಮೇಲು, ಗಾಳಿಗಿಂತ 15,000 ಪಟ್ಟು.

ಪೇಸ್ಟಿನ ಕೆಲಸವೂ ಇದರಿಂದಲೇ ಅರ್ಥವಾಗುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹದ ಮೈಗಳ ನಡುವೆ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ, ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಗಾಳಿಯನ್ನು ಹೊರದೂಡಿ ಜಾಗ ತುಂಬುವುದೇ ಪೇಸ್ಟು. ಗಾಳಿಗಿಂತ ಅದು ನೂರಾರು ಪಟ್ಟು ಮೇಲಾದರೂ ತಾಮ್ರದ ಹತ್ತಿರಕ್ಕೂ ಬಾರದು. ಹೀಗಾಗಿ ತೆಳ್ಳಗಿದ್ದಷ್ಟೂ ಒಳ್ಳೆಯದು. ಮುಚ್ಚಳದ ನಡುವೆ ಬಟಾಣಿ ಗಾತ್ರದಷ್ಟಿಟ್ಟು ಕೂಲರನ್ನು ನೇರವಾಗಿ ಒತ್ತಿದರೆ ಸಾಧಾರಣ ಚಿಪ್ಪಿಗೆ ಸಾಕು. ದೊಡ್ಡ ಮುಚ್ಚಳವಾದರೆ ಮೂಲೆಗಳಿಗೂ ಒಂದೊಂದು ಚುಕ್ಕೆ ಇಡಿ.

ಹಳೆಯ ಇಂಟೆಲ್ ಯಂತ್ರಗಳಲ್ಲಿ ನೋಡಲೇಬೇಕಾದ ಒಂದು ಜಾಗವಿದೆ. ಪೆಟ್ಟಿಗೆಯ ಜೊತೆ ಬರುವ ದುಂಡು ಕೂಲರಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ನುಗಳು. ಒತ್ತಿದಾಗ ಟಿಕ್ ಎಂದು ಮದರ್‌ಬೋರ್ಡಿನ ಹಿಂಬದಿ ಅರಳಿ ಕಚ್ಚಿಕೊಳ್ಳಬೇಕು. ಮೂರು ಕಚ್ಚಿ ಒಂದು ಕಚ್ಚದಿದ್ದರೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ, ಫ್ಯಾನೂ ತಿರುಗುತ್ತಿರುತ್ತದೆ. ಆದರೆ ಕೂಲರಿನ ಆ ಮೂಲೆ ಕೂದಲೆಳೆಯಷ್ಟು ಎದ್ದಿರುತ್ತದೆ. ತಾಪಮಾನ ತೋರಿಸುವ ತಂತ್ರಾಂಶದಲ್ಲಿ ಒಂದೆರಡು ಕೋರುಗಳು ಮಾತ್ರ ಉಳಿದವಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲಿದ್ದರೆ ಮೊದಲು ಪಿನ್ನುಗಳನ್ನು ನೋಡಿ. ಬೋರ್ಡು ಬಿಚ್ಚಿ ಹಿಂಬದಿಯಿಂದ ನೋಡಿದರೆ ಅರಳದ ಪಿನ್ನು ಕಣ್ಣಿಗೇ ಕಾಣುತ್ತದೆ. ಹೊಸ ಕೂಲರಿಗೆ ಸಾವಿರಾರು ರೂಪಾಯಿ ಹಾಕುವ ಮುನ್ನ ಈ ಕೆಲಸ ಆಗಬೇಕು.

ಕೋಣೆಯ ಲೆಕ್ಕ

ಕೂಲರ್ ಎಷ್ಟೇ ದುಬಾರಿಯದಾಗಲಿ, ಗಾಳಿಯಿಂದ ನಡೆಯುವುದಾದರೆ ಕೋಣೆಯ ಗಾಳಿಗಿಂತ ಕೆಳಕ್ಕೆ ಚಿಪ್ಪನ್ನು ತಣಿಸಲಾರದು. ನೀರಿನ ಕೂಲರಿಗೂ ಇದೇ ಮಿತಿ, ಏಕೆಂದರೆ ಅದರ ರೇಡಿಯೇಟರೂ ತಣಿಯುವುದು ಆ ಗಾಳಿಯಲ್ಲೇ. ಒಂದು ಯಂತ್ರದಲ್ಲಿ ವ್ಯಾಟಿಗೆ 0.4 ಡಿಗ್ರಿಯಂತೆ ಕೋಣೆಗಿಂತ ಚಿಪ್ಪು ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿ. 22 ಡಿಗ್ರಿಯ ರಾತ್ರಿ 100 ವ್ಯಾಟಿಗೆ ಚಿಪ್ಪು 62ರಲ್ಲಿ ನಿಲ್ಲುತ್ತದೆ. ಓವರ್‌ಕ್ಲಾಕ್ ಮಾಡಿ 138 ವ್ಯಾಟ್ ಆಯಿತು, ಕೋಣೆ 36ಕ್ಕೆ ಏರಿತು. ಚಿಪ್ಪು 91 ಮುಟ್ಟುತ್ತದೆ. ಈ ನಡುವೆ ಕೂಲರಿಗೆ ಧೂಳು ತುಂಬಿ 0.4 ಇದ್ದದ್ದು 0.5 ಆದರೆ 105. ಅಷ್ಟಕ್ಕೆ ಹೋಗಲು ಚಿಪ್ಪೇ ಬಿಡುವುದಿಲ್ಲ. 13900ಕೆಯಂಥವಕ್ಕೆ 100 ಡಿಗ್ರಿ, ರೈಜನ್ 7000 ಸಾಲಿನ ಹೆಚ್ಚಿನವಕ್ಕೆ 95 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದೊಡನೆ ಪ್ರೊಸೆಸರು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನೀವು ಕಷ್ಟಪಟ್ಟು ಏರಿಸಿದ 400 ಮೆಗಾಹರ್ಟ್ಸ್ ಮಧ್ಯಾಹ್ನದ ಹೊತ್ತು ಇರುವುದೇ ಇಲ್ಲ.

ಧೂಳಿನ ಮಾತು ಬಂತು. ಕಲ್ಲು ಕ್ವಾರಿ, ಜಲ್ಲಿ ಕ್ರಷರು, ಟಿಪ್ಪರು ಓಡುವ ರಸ್ತೆ, ಬೇಸಿಗೆಯಲ್ಲಿ ಹಾರುವ ಕೆಮ್ಮಣ್ಣು, ಇವು ನಮ್ಮ ಕಡೆ ವರ್ಷದ ಬಹುಭಾಗ ಇದ್ದದ್ದೇ. ಕೂಲರನ್ನು ಹೊರಗಿನಿಂದ ನೋಡಿದರೆ ಫ್ಯಾನಿನ ರೆಕ್ಕೆಯ ಮೇಲೆ ತೆಳುವಾಗಿ ಕೂತದ್ದು ಮಾತ್ರ ಕಾಣುತ್ತದೆ. ಫ್ಯಾನು ಬಿಚ್ಚಿದರೆ ಅದರ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಬಾಯಿಗೆ ಅಡ್ಡಲಾಗಿ, ಕಂಬಳಿಯ ತುಂಡಿನಂಥ ಬೂದು ಪದರ ಸಿಗುತ್ತದೆ. ಗಾಳಿ ಅಲ್ಲಿಗೇ ತಡೆದುಹೋಗಿರುತ್ತದೆ. ಯಂತ್ರ ಆರಿಸಿ, ಅಂಗಳಕ್ಕೆ ಒಯ್ದು, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋಯರ್ ಹೊಡೆಯಬೇಕು. ಫ್ಯಾನನ್ನು ಸುಮ್ಮನೆ ಗಿರಗಿರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡುವವರಿಗೆ ದೊಡ್ಡ ಕೂಲರಿನ ಅಗತ್ಯವೇ ಬೀಳದಿರಬಹುದು.

ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನಿಂದ ಬಿಸಿಗಾಳಿ ಹೊರಬಂದು ಮತ್ತೆ ಒಳಗೇ ಹೋಗುತ್ತದೆ. ಹಿಂದೆ ಒಂದು ಗೇಣು ಜಾಗ ಬಿಡಿ. ಮುಂದಿನ ಫ್ಯಾನು ಗಾಳಿ ಒಳಗೆಳೆಯಲಿ, ಹಿಂದಿನದು ಹೊರದೂಡಲಿ. ಕಂಪ್ಯೂಟರನ್ನು ಮರದ ಕಪಾಟಿನೊಳಗೆ ಇಡಲೇಬೇಡಿ.

ನೀರಿನ ಕೂಲಿಂಗ್ ಮೇಲೆ ಆಸೆಯಿರುವವರಿಗೆ ಒಂದು ಎಚ್ಚರಿಕೆ. ಮುಚ್ಚಿದ, ಕಾರ್ಖಾನೆಯಲ್ಲೇ ತುಂಬಿ ಬರುವ ಕೂಲರಾದರೆ ಚಿಂತೆಯಿಲ್ಲ. ಪೈಪು, ಪಂಪು ತಂದು ನೀವೇ ಕಟ್ಟುವುದಾದರೆ ಬೋರ್‌ವೆಲ್ ನೀರನ್ನು ಎಂದೂ ಹಾಕಬಾರದು. ಸಾವಿರ ಅಡಿಗೂ ಕೆಳಗಿಂದ ಬರುವ ನಮ್ಮ ನೀರು ಗಡಸು. ಅದರ ಲವಣ ಕೂಲರಿನ ಕೂದಲೆಳೆಯಂಥ ತಾಮ್ರದ ಕಾಲುವೆಗಳಲ್ಲಿ ಗಟ್ಟಿಕಟ್ಟಿ ದಾರಿ ಮುಚ್ಚುತ್ತದೆ. ಅದಕ್ಕೆಂದೇ ಮಾರುವ ಕೂಲಂಟ್ ಬಳಸಿ, ಇಲ್ಲವೇ ಡಿಸ್ಟಿಲ್ಡ್ ವಾಟರಿಗೆ ಪಾಚಿ ಮತ್ತು ಸವೆತ ತಡೆಯುವ ದ್ರಾವಣ ಬೆರೆಸಿ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಬೇಡಿ, ಒಂದೇ ನೀರಿನಲ್ಲಿ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸರಿಯಾಗಿ ಮಾಡಿದ ನೀರಿನ ವ್ಯವಸ್ಥೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಸಾಕ್ಷಿ. ಅದರ ಪ್ರೊಸೆಸರುಗಳ ಬಿಸಿಯನ್ನು ದ್ರವವೇ ಹೊತ್ತೊಯ್ಯುತ್ತದೆ. ಇನ್ನು ದಾಖಲೆಗಾಗಿ ಓಡಿಸುವವರ ದಾರಿಯೇ ಬೇರೆ. 2022ರ ಡಿಸೆಂಬರಿನಲ್ಲಿ 13900ಕೆ ಚಿಪ್ಪು 9 ಗಿಗಾಹರ್ಟ್ಸ್ ದಾಟಿದ್ದು ದ್ರವ ಹೀಲಿಯಂ ಸುರಿದು, ಅದೂ ಕೆಲವೇ ಕ್ಷಣ.

ಮೊದಲು ವೋಲ್ಟೇಜು

ಎಲ್ಲ ಕಂಪ್ಯೂಟರಿನಲ್ಲೂ ಓವರ್‌ಕ್ಲಾಕ್ ಆಗುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಚಿಪ್ಪು ಮತ್ತು ಜೆಡ್ ಸಾಲಿನ ಮದರ್‌ಬೋರ್ಡ್ ಬೇಕು. ರೈಜನ್‌ನಲ್ಲಿ ಹೆಚ್ಚಿನವು ತೆರೆದೇ ಇರುತ್ತವೆ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವ ಮುನ್ನ ಎರಡೂ ಹೆಸರನ್ನು ಬರೆದುಕೊಂಡು ಹೋಗಿ.

ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಬಯೋಸ್ ತೆರೆದೊಡನೆ ವೇಗ ಏರಿಸಲು ಹೊರಡುವುದು ತಪ್ಪು ಕ್ರಮ. ಮೊದಲು ವೋಲ್ಟೇಜು ಇಳಿಸಿ ನೋಡಬೇಕು. ಒಂದೇ ಮಾದರಿಯ ಎರಡು ಚಿಪ್ಪುಗಳು ಒಂದೇ ತರಹ ಇರುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದ ಚಿಪ್ಪೂ ಓಡಲೆಂದು ಕಂಪನಿ ವೋಲ್ಟೇಜನ್ನು ಧಾರಾಳವಾಗಿ ಇಟ್ಟಿರುತ್ತದೆ. ಅದೇ ವೇಗದಲ್ಲಿ 1.20 ವೋಲ್ಟನ್ನು 1.12ಕ್ಕೆ ಇಳಿಸಲು ಸಾಧ್ಯವಾದರೆ ಬಿಸಿ ಶೇ. 13ರಷ್ಟು ಕಡಿಮೆ. ಹೀಗೆ ಉಳಿಸಿದ್ದನ್ನು ಆಮೇಲೆ 100 ಮೆಗಾಹರ್ಟ್ಸಿನಂತೆ ವೇಗಕ್ಕೆ ಖರ್ಚು ಮಾಡಿ. ಪ್ರತಿ ಹೆಜ್ಜೆಗೂ ಸಿನೆಬೆಂಚ್ ಅಥವಾ ಪ್ರೈಮ್95ನಂಥ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. ಐದು ನಿಮಿಷದ ಪರೀಕ್ಷೆಗೆ ಬೆಲೆಯಿಲ್ಲ, ಅಷ್ಟರೊಳಗೆ ಕ್ಯಾಬಿನೆಟ್ಟಿನ ಒಳಗಾಳಿಯೇ ಪೂರ್ತಿ ಬಿಸಿಯಾಗಿರುವುದಿಲ್ಲ.

ಚಿಪ್ಪು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದಲ್ಲ ಎಂಬ ಧೈರ್ಯ ಅರ್ಧ ಮಾತ್ರ ಸರಿ. ಬಿಸಿ ಮಿತಿ ದಾಟದಂತೆ ಅದು ನೋಡಿಕೊಳ್ಳುತ್ತದೆ, ನೀವು ಕೊಟ್ಟ ಹೆಚ್ಚುವರಿ ವೋಲ್ಟೇಜಿನಿಂದ ಆಗುವ ಸವೆತವನ್ನು ತಡೆಯಲಾರದು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್ಪುಗಳು ಓವರ್‌ಕ್ಲಾಕ್ ಮಾಡದೆಯೂ ಅತಿ ವೋಲ್ಟೇಜಿನಿಂದ ಕೆಡುತ್ತಿರುವುದು ಬೆಳಕಿಗೆ ಬಂತು. ಕಂಪನಿ ಆಗಸ್ಟಿನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಬೇಕಾಯಿತು. ಆ ಚಿಪ್ಪು ನಿಮ್ಮಲ್ಲಿದ್ದರೆ ಬಯೋಸ್ ಅಪ್‌ಡೇಟ್ ಮಾಡದೆ ಬೇರೇನನ್ನೂ ಮುಟ್ಟಬೇಡಿ.

ಕೊನೆಯ ಪರೀಕ್ಷೆಯನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ಬಾಗಿಲು ದಿನವೂ ಹೇಗಿರುತ್ತವೋ ಹಾಗೇ ಇಟ್ಟು ಮಾಡಿ. ಅರ್ಧ ಗಂಟೆಯಾದರೂ 85 ಡಿಗ್ರಿ ಮೀರದ ವೇಗ ಯಾವುದೋ ಅದೇ ನಿಮ್ಮ ಯಂತ್ರದ ನಿಜವಾದ ವೇಗ. ವರ್ಷವಿಡೀ ಅದನ್ನೇ ಇಟ್ಟುಕೊಳ್ಳಿ.